ಬಯಲಿನಲ್ಲಿ ನಿಲ್ಲುವ ಮೋಟಾರ್ ಸೈಕಲ್ಲಿಗೆ ಹೊದಿಕೆ ಆರಿಸುವ ಬಗೆ



ಸಣ್ಣ ಹಿಡುವಳಿದಾರನ ಸಲಕರಣೆಗಳ ಪಟ್ಟಿಯಲ್ಲಿ ಗುದ್ದಲಿ, ಕತ್ತಿ, ಸಿಂಪರಣೆಯ ಪಂಪುಗಳ ಸಾಲಿಗೆ ಇಂದು ಮೋಟಾರ್ ಸೈಕಲ್ ಕೂಡ ಸೇರಿದೆ. ಗೊಬ್ಬರದ ಚೀಲ ತರುವುದು, ಅಡಿಕೆಯ ಮಾದರಿ ಹಿಡಿದು ಪೇಟೆಗೆ ಹೋಗುವುದು, ರಾತ್ರಿ ಕರೆಂಟು ಬಂದೊಡನೆ ಬೋರು ಚಾಲೂ ಮಾಡಲು ತೋಟಕ್ಕೆ ಧಾವಿಸುವುದು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ಓಡುವುದು, ಎಲ್ಲಕ್ಕೂ ಅದೇ ಬೇಕು. ಇಷ್ಟಾದರೂ ಮನೆಯೊಳಗೆ ಅದಕ್ಕೆ ಜಾಗವಿಲ್ಲ. ಪಡಸಾಲೆಯಲ್ಲಿ ಚೀಲ, ಕೊಟ್ಟಿಗೆಯಲ್ಲಿ ದನ. ಗಾಡಿ ಅಂಗಳದ ಬಯಲಿನಲ್ಲಿ. ಸಾಲ ಮಾಡಿ ಕೊಂಡ ಗಾಡಿ ಕಂತು ಮುಗಿಯುವ ಮುನ್ನವೇ ತುಕ್ಕು ಹಿಡಿದರೆ ಆ ನಷ್ಟ ತೋಟದ ಲೆಕ್ಕಕ್ಕೇ ಬಂದು ಸೇರುತ್ತದೆ. ಆದ್ದರಿಂದ ಗಾಡಿಯ ಹೊದಿಕೆಯನ್ನು ಹೇಗೆ ಆರಿಸಬೇಕೆಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಬಯಸುತ್ತೇವೆ.

೧. ಮೊದಲು ಶತ್ರುವನ್ನು ಗುರುತಿಸಬೇಕು

ಹೊದಿಕೆ ಎಂದೊಡನೆ ನಮ್ಮ ಮನಸ್ಸು ಮಳೆಯ ಕಡೆಗೆ ಓಡುತ್ತದೆ. ಮಲೆನಾಡಿನ ಕಾಫಿ ತೋಟದ ಸದಸ್ಯರಿಗೆ ಅದು ಸರಿಯೇ. ಆದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಅಡಿಕೆ ಬೆಳೆಗಾರರು ವರ್ಷದ ಲೆಕ್ಕ ಹಾಕಿ ನೋಡಬೇಕು. ಇಲ್ಲಿ ಗಾಡಿಯ ಮೇಲೆ ಹೆಚ್ಚು ದಿನ ಬೀಳುವುದು ಮಳೆಯಲ್ಲ, ಬಿಸಿಲು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ತುಂಬಿರುವ ಬೇಸಿಗೆಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾಡಿ ಬಿಸಿಲಲ್ಲೇ ನಿಂತಿರುತ್ತದೆ. ಸೀಟಿನ ರೆಕ್ಸಿನ್ ಬಿರಿಯುತ್ತದೆ, ಟಯರು ಮತ್ತು ರಬ್ಬರ್ ಕೊಳವೆಗಳು ಗಡುಸಾಗುತ್ತವೆ, ಬಣ್ಣ ಮಾಸುತ್ತದೆ. ಅದರ ಮೇಲೆ ಎರೆ ಹೊಲದ ಧೂಳು. ಆಮೇಲೆ ಆಷಾಢದ ಗಾಳಿ; ಸರಿಯಾಗಿ ಕಟ್ಟದ ಹೊದಿಕೆಯನ್ನು ಅದು ಪಕ್ಕದ ಹೊಲಕ್ಕೇ ಒಯ್ಯುತ್ತದೆ. ಕೊನೆಗೆ ಮುಂಗಾರಿನ ಜಿಟಿಜಿಟಿ, ಹಿಂಗಾರಿನ ಗುಡುಗು ಮಳೆ.

ಆದ್ದರಿಂದ ಬಯಲುಸೀಮೆಯವರು ಬಿಸಿಲು, ಗಾಳಿ, ಮಳೆ ಎಂಬ ಕ್ರಮದಲ್ಲಿಯೂ ಮಲೆನಾಡಿನವರು ಮಳೆ, ತೇವ, ಬಿಸಿಲು ಎಂಬ ಕ್ರಮದಲ್ಲಿಯೂ ಯೋಚಿಸುವುದು ಯುಕ್ತ. ಇಬ್ಬರಿಗೂ ಒಂದೇ ಹೊದಿಕೆ ಒಗ್ಗುವುದಿಲ್ಲ.

೨. ಮುಚ್ಚುವುದು ಬೇರೆ, ಹೊದಿಸುವುದು ಬೇರೆ

ಈ ಲೇಖನದ ಮುಖ್ಯ ಪಾಠ ಇದು: ಹೊರಗಿನ ನೀರನ್ನು ತಡೆದರಷ್ಟೇ ಸಾಲದು, ಒಳಗಿನ ತೇವ ಹೊರಗೆ ಹೋಗಲು ದಾರಿ ಇರಬೇಕು.

ಇದು ನಮಗೆ ಹೊಸ ವಿಷಯವಲ್ಲ. ಕೊಳೆರೋಗದಿಂದ ಗೊನೆಯನ್ನು ಕಾಯಲು ಹಿರಿಯರು ಕಟ್ಟುತ್ತಿದ್ದ ಕರಡದ ಕೊಟ್ಟೆಯನ್ನು, ಈಗ ಕೆಲವರು ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯನ್ನು ನೆನೆಯಿರಿ. ಮೇಲಿನಿಂದ ನೀರು ಇಳಿಯದಂತೆ ಬಿಗಿಯುತ್ತೇವೆ. ಕೆಳಬಾಯಿಯನ್ನು ತೆರೆದೇ ಬಿಡುತ್ತೇವೆ. ಹಸಿ ಅಡಿಕೆಯ ರಾಶಿಯನ್ನೋ ಒಣಗದ ಮೆಣಸಿನಕಾಯಿಯನ್ನೋ ಪ್ಲಾಸ್ಟಿಕ್ಕಿನಿಂದ ಸುತ್ತ ಬಿಗಿಯಾಗಿ ಮುಚ್ಚಿದರೆ ರಾಶಿ ಬೆವರಿ ಬೂಷ್ಟು ಹಿಡಿಯುತ್ತದೆ. ಅರೆ ಒಣಗಿದ ಪಾರ್ಚ್‌ಮೆಂಟ್ ಕಾಫಿಯನ್ನು ಹಾಗೆ ಮುಚ್ಚಿಟ್ಟರೆ ಮುಗ್ಗಲು ವಾಸನೆ ಬರುತ್ತದೆಂಬುದನ್ನು ಕಾಫಿ ಬೆಳೆಗಾರರು ಬಲ್ಲರು.

ಗಾಡಿಗೂ ಇದೇ ನಿಯಮ. ಹಗಲು ಬಿಸಿಲಿಗೆ ನೆಲದ ಹಸಿ ಆವಿಯಾಗಿ ಮೇಲೇಳುತ್ತದೆ. ರಾತ್ರಿ ತಣ್ಣಗಾದೊಡನೆ ಆ ಆವಿ ಹೊದಿಕೆಯ ಒಳಮೈಗೂ ಗಾಡಿಯ ಲೋಹಕ್ಕೂ ಹನಿಯಾಗಿ ಅಂಟುತ್ತದೆ. ತುಕ್ಕಿಗೆ ಬೇಕಾದುದು ಕಬ್ಬಿಣ, ನೀರು ಮತ್ತು ಗಾಳಿಯ ಆಮ್ಲಜನಕ. ಗಾಳಿಯಾಡದ ಹೊದಿಕೆಯಡಿ ಮೂರೂ ಒಂದೆಡೆ ಸೇರಿ ದಿನಗಟ್ಟಲೆ ಕುಳಿತಿರುತ್ತವೆ. ಬಯಲಿನಲ್ಲಿ ನೆನೆದ ಗಾಡಿ ಬಿಸಿಲು ಬಂದೊಡನೆ ಒಣಗುತ್ತದೆ. ಬಿಗಿಯಾಗಿ ಸುತ್ತಿದ ಗಾಡಿ ಒಣಗುವುದೇ ಇಲ್ಲ. ಕೆಟ್ಟ ಹೊದಿಕೆಗಿಂತ ಹೊದಿಕೆ ಇಲ್ಲದಿರುವುದೇ ಮೇಲು ಎಂಬ ಮಾತು ಇದರಿಂದ ಬಂದದ್ದು.

ಹಳೆಯ ಗಾಡಿಗಳಲ್ಲಿ ಈ ಉಪದ್ರವ ಕಣ್ಣಿಗೆ ಕಾಣುತ್ತಿತ್ತು. ಮೈಸೂರಿನಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳ ಮಡ್‌ಗಾರ್ಡು, ಟ್ಯಾಂಕು ಎಲ್ಲವೂ ತಗಡಿನವು. ತುಕ್ಕು ಹಿಡಿದರೆ ಕೂಡಲೇ ಗೊತ್ತಾಗುತ್ತಿತ್ತು. ಇಂದಿನ ಗಾಡಿಗಳಲ್ಲಿ ಹೊರಭಾಗ ಬಹುಪಾಲು ಪ್ಲಾಸ್ಟಿಕ್. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ತರುವಾಯ ಸಣ್ಣ ಗಾಡಿಗಳಿಗೂ ಸೆನ್ಸರು, ವೈರಿನ ಕೀಲುಗಳು ಹೆಚ್ಚಾಗಿವೆ. ತೇವ ಅಲ್ಲಿ ಹೊಕ್ಕರೆ ಹೊರಗೆ ಏನೂ ಕಾಣುವುದಿಲ್ಲ. ಬೇಕಾದ ಹೊತ್ತಿಗೆ ಗಾಡಿ ಚಾಲೂ ಆಗುವುದಿಲ್ಲ, ಅಷ್ಟೇ. ಪೆಟ್ರೋಲಿಗೆ ಬೆರೆಸುವ ಎಥನಾಲಿಗೂ ನೀರನ್ನು ಹೀರುವ ಗುಣವಿದೆ. ಆದುದರಿಂದ ಟ್ಯಾಂಕಿನ ಮುಚ್ಚಳದ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳಬೇಕು.

೩. ಯಾವ ಬಟ್ಟೆ?

ಪೇಟೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆ ದೊರೆಯುತ್ತವೆ.

(ಅ) ಪ್ಲಾಸ್ಟಿಕ್ ತಾಡಪತ್ರಿ: ಮನೆಯಲ್ಲಿ ಇರುವಂಥದೇ. ನೀರನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಗಾಳಿಯಾಡುವುದಿಲ್ಲ, ಗಾಳಿಗೆ ಬಡಿದಾಡಿ ಬಣ್ಣವನ್ನು ಉಜ್ಜುತ್ತದೆ. ಗಾಡಿಯ ಮೈಗೆ ನೇರವಾಗಿ ಸುತ್ತಲು ಇದು ತಕ್ಕದ್ದಲ್ಲ.

(ಆ) ತೆಳು ಪಿ.ವಿ.ಸಿ. ಹಾಳೆಯ ಕವರು: ಬೆಲೆ ಕಡಿಮೆ. ಬಿಸಿಲಿಗೆ ಗಡುಸಾಗಿ ಮಡಿಕೆಗಳಲ್ಲಿ ಹರಿಯುತ್ತದೆ. ಒಳಗೆ ಬೆವರುವುದೂ ಹೆಚ್ಚು.

(ಇ) ಒಳಮೈಗೆ ಲೇಪ ಕೊಟ್ಟ ಪಾಲಿಯೆಸ್ಟರ್ ಬಟ್ಟೆ: ಹಗುರ, ಮಡಿಸಲು ಸುಲಭ, ನೀರು ತಡೆಯುತ್ತದೆ. ಗಾಳಿಕಿಂಡಿ ಇಟ್ಟು ಹೊಲಿದಿದ್ದರೆ ನಮ್ಮ ಉಪಯೋಗಕ್ಕೆ ಇದೇ ಉತ್ತಮ.

(ಈ) ದಪ್ಪ ಹತ್ತಿಯ ಕ್ಯಾನ್‌ವಾಸ್: ಗಾಳಿಯಾಡುತ್ತದೆ, ಬಿಸಿಲಿಗೆ ಬಾಳುತ್ತದೆ. ಆದರೆ ನೆನೆದರೆ ಭಾರ, ಬೇಗ ಒಣಗದು, ಬೂಷ್ಟು ಹಿಡಿಯುತ್ತದೆ. ಬಯಲುಸೀಮೆಗೆ ನಡೆದೀತು, ಮಲೆನಾಡಿಗೆ ಬೇಡ.

ಬಿಸಿಲಿನ ಅತಿನೇರಳೆ ಕಿರಣ ಎಲ್ಲ ಪ್ಲಾಸ್ಟಿಕ್ಕಿನ ವೈರಿ. ರಾಣೇಬೆನ್ನೂರು ಸೀಮೆಯ ಬೀಜೋತ್ಪಾದಕರು ನೆಟ್‌ಹೌಸಿಗೆ ಬಲೆ ಕೊಳ್ಳುವಾಗ ಯು.ವಿ. ನಿರೋಧಕವೇ ಎಂದು ಕೇಳಿಯೇ ಕೊಳ್ಳುತ್ತಾರೆ. ಹೊದಿಕೆಗೂ ಅದೇ ಪ್ರಶ್ನೆ ಕೇಳಬೇಕು. ಹೊರಮೈ ಬೆಳ್ಳಿಯ ಬಣ್ಣದ್ದಾದರೆ ಬಿಸಿಲನ್ನು ಹಿಂದಕ್ಕೆ ಹೊಡೆದು ಒಳಗಿನ ಕಾವನ್ನು ತಗ್ಗಿಸುತ್ತದೆ.

೪. ಪೊಟ್ಟಣದ ಮೇಲಿನ ಅಂಕಿಗಳು

ಪೊಟ್ಟಣದ ಮೇಲೆ 190ಟಿ, 210ಡಿ ಎಂದು ಬರೆದಿರುತ್ತಾರೆ. ಎರಡೂ ಹತ್ತಿರದ ಅಂಕಿಗಳೆಂದು ಭಾವಿಸುವುದು ತಪ್ಪು; ಅಳತೆಗೋಲೇ ಬೇರೆ. ಟಿ ಎಂಬುದು ಒಂದು ಚದರ ಅಂಗುಲದಲ್ಲಿ ಹಾಸು, ಹೊಕ್ಕು ಸೇರಿ ಎಷ್ಟು ಎಳೆ ಎಂಬುದರ ಲೆಕ್ಕ. ಡಿ ಎಂಬುದು ಡೆನಿಯರ್. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದು, ಅಂದರೆ ಎಳೆಯ ದಪ್ಪ. 190ಟಿ ಬಟ್ಟೆ ಸಾಮಾನ್ಯವಾಗಿ ತೆಳು ಎಳೆಯದು. ಸದಾ ಬಯಲಿನಲ್ಲಿ ನಿಲ್ಲುವ ಗಾಡಿಗೆ 210ಡಿ ಅಥವಾ ಅದಕ್ಕೂ ದಪ್ಪದ ಎಳೆಯದನ್ನು ಆರಿಸುವುದು ಲೇಸು. ಜಿ.ಎಸ್.ಎಂ. ಎಂದಿದ್ದರೆ ಅದು ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ತಾಡಪತ್ರಿ ಕೊಂಡವರಿಗೆ ಇದು ಪರಿಚಿತ.

ವಾಟರ್ ಪ್ರೂಫ್, ವಾಟರ್ ರೆಸಿಸ್ಟೆಂಟ್ ಎಂಬ ಮಾತುಗಳಲ್ಲಿಯೂ ಅಂತರವಿದೆ. ಮೊದಲನೆಯದು ನೀರನ್ನು ಪೂರ್ತಿ ತಡೆಯುವಂಥದು, ಎರಡನೆಯದು ತುಂತುರನ್ನಷ್ಟೇ ತಾಳುವಂಥದು. ಹಿಂಗಾರಿನ ಹೊಡೆತಕ್ಕೆ ಎರಡನೆಯದು ಸಾಲದು.

೫. ಕೊಳ್ಳುವಾಗ ಪರೀಕ್ಷೆ

ಹೊದಿಕೆ ಸೋರುವುದು ಹೆಚ್ಚಾಗಿ ಬಟ್ಟೆಯಲ್ಲಲ್ಲ, ಹೊಲಿಗೆಯಲ್ಲಿ. ಸೂಜಿ ಹೋದ ಪ್ರತಿಯೊಂದು ತೂತೂ ನೀರಿಗೆ ಬಾಗಿಲು. ಸೀಟು, ಟ್ಯಾಂಕುಗಳ ನೇರ ಮೇಲೆ ಹೊಲಿಗೆ ಹಾಯದ ಹೊದಿಕೆಯನ್ನು ಆರಿಸಬೇಕು. ಹಾಯ್ದಿದ್ದರೆ ಒಳಗಡೆ ಪಟ್ಟಿ ಅಂಟಿಸಿರಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತುಗಳಿವೆಯೇ ನೋಡಿರಿ. ಒಳಗಿನ ಲೇಪವನ್ನು ಹೆಬ್ಬೆರಳಿನಿಂದ ಉಜ್ಜಿರಿ. ಹೊಟ್ಟಿನಂತೆ ಉದುರಿದರೆ ಬೇಡವೆನ್ನಿರಿ. ಮನೆಗೆ ತಂದ ಮೇಲೆ ಹೊಲಿಗೆಯಿರುವ ಕಡೆ ಬಟ್ಟೆಯನ್ನು ಬೊಗಸೆಯಂತೆ ಮಾಡಿ ಒಂದು ತಂಬಿಗೆ ನೀರು ಹಾಕಿ ಕಾಲು ಗಂಟೆ ಬಿಡಿರಿ. ಅಡಿ ಒದ್ದೆಯಾದರೆ ಅಂಗಡಿಗೆ ಹಿಂದಿರುಗಿಸಬೇಕು. ಅದಕ್ಕಾಗಿ ರಸೀದಿ ಜೋಪಾನವಾಗಿರಲಿ.

ಅಳತೆಯನ್ನು ಅಂದಾಜಿಗೆ ಬಿಡಬಾರದು. ನಮ್ಮ ಕಡೆಯ ಸಾಮಾನ್ಯ ಗಾಡಿ ಸುಮಾರು ಎರಡು ಮೀಟರ್ ಉದ್ದವಿರುತ್ತದೆ. ಆದರೆ ಕನ್ನಡಿ, ಹಿಂದಿನ ಕ್ಯಾರಿಯರು, ಹಾಲಿನ ಕ್ಯಾನಿಗೆ ಹಾಕಿಸಿದ ಕೊಕ್ಕೆ ಎಲ್ಲ ಸೇರಿ ಉದ್ದ, ಅಗಲ, ಎತ್ತರ ಅಳೆದುಕೊಂಡು ಹೋಗಬೇಕು. ಹೊದಿಕೆಯ ಅಂಚು ಚಕ್ರದ ಅರ್ಧದವರೆಗೆ ಇಳಿದರೆ ಸಾಕು. ನೆಲಕ್ಕೆ ತಾಕಿದರೆ ಹಸಿ ಒಳಗೇ ಸಿಕ್ಕಿಬೀಳುತ್ತದೆ. ಎರಡು ಬದಿಗೂ ಮೇಲ್ಭಾಗದಲ್ಲಿ ಮರೆಯಿರುವ ಗಾಳಿಕಿಂಡಿ ಇರಬೇಕು.

೬. ಗಾಳಿಗೆ ಕಟ್ಟುವ ಕ್ರಮ

ಅಂಚಿನ ಇಲಾಸ್ಟಿಕ್ ಒಂದನ್ನೇ ನಂಬಬಾರದು. ಎಂಜಿನ್ನಿನ ಅಡಿಯಿಂದ ಹಾಯಿಸಿ ಬಿಗಿಯುವ ಬಕಲ್ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಹೊದಿಕೆಯ ಹೊಟ್ಟೆಯೊಳಗೆ ಗಾಳಿ ತುಂಬಿ ಹಾಯಿಯಂತೆ ಉಬ್ಬುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ನಿಂತ ಗಾಡಿ ಉರುಳುವುದೂ ಉಂಟು. ಮಗು ಬಳಿಯಲ್ಲಿ ಆಡುತ್ತಿದ್ದರೆ ಅನಾಹುತ. ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ, ಗೋಡೆಯ ಮರೆಯಲ್ಲಿ, ಚಪ್ಪಡಿ ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ ನಿಲ್ಲಿಸುವುದು ಒಳ್ಳೆಯದು. ತೆಂಗಿನ ಮರದ ಕೆಳಗೆ ಬೇಡ.

೭. ಹೊದಿಸುವ ಮುನ್ನ

ಸೈಲೆನ್ಸರ್ ತಣಿದಿರಬೇಕು. ಪಾಲಿಥೀನ್ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಕಾವಿಗೆ ಕರಗುತ್ತದೆ. ಓಡಿ ಬಂದ ಗಾಡಿಯ ಸೈಲೆನ್ಸರಿನ ಕಾವು ಅದನ್ನು ಮೀರಬಲ್ಲದು. ಬೆಂಕಿಯ ಅಪಾಯವೂ ಇದೆ. ಅರ್ಧ ಗಂಟೆ ಬಿಟ್ಟು, ಅಂಗೈಯನ್ನು ಒಂದು ಗೇಣು ದೂರದಲ್ಲಿ ಹಿಡಿದರೆ ಕಾವು ತಟ್ಟಬಾರದು.

ಧೂಳು ಕುಳಿತ ಗಾಡಿಗೆ ಹೊದಿಕೆ ಎಳೆದರೆ ಅದು ಉಪ್ಪುಕಾಗದ ಉಜ್ಜಿದಂತೆ. ಮೊದಲು ಒರೆಸಬೇಕು. ಗೊಬ್ಬರ ಅಥವಾ ಮೈಲುತುತ್ತ ಹೊತ್ತು ತಂದ ದಿನವಂತೂ ತೊಳೆದು ಒಣಗಿಸದೆ ಹೊದಿಸಲೇಬಾರದು. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಾದಾಗ ಅದ್ದಿದ ಚಾಕು ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆಂಬುದಕ್ಕೆ ಅದೇ ಸಾಕ್ಷಿ. ಚಾಕುವಿಗೆ ಆದದ್ದು ಚೈನಿಗೂ ಆಗುತ್ತದೆ.

ಮಳೆಗಾಲದಲ್ಲಿ ಬಿಸಿಲು ಕಂಡಾಗಲೆಲ್ಲ ಹೊದಿಕೆ ತೆಗೆದು ಗಾಡಿಯನ್ನೂ ಹೊದಿಕೆಯ ಒಳಮೈಯನ್ನೂ ಒಣಗಿಸಬೇಕು. ವಾರಗಟ್ಟಲೆ ನಿಂತ ಗಾಡಿಯ ಹೊದಿಕೆಯಡಿ ಇಲಿ ಗೂಡು ಕಟ್ಟಿ ವೈರು ಕಡಿಯುತ್ತದೆ, ಹಾವೂ ಸೇರಬಹುದು. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿರಿ. ಗಾಡಿ ಹೊರಡಿಸುವಾಗ ಮೊದಲ ನಾಲ್ಕು ಮಾರು ನಿಧಾನವಾಗಿ ಹೋಗಿ ಬ್ರೇಕು ಹಿಡಿಯುತ್ತದೆಯೇ ಪರೀಕ್ಷಿಸಬೇಕು. ವಿದ್ಯುತ್ ಸ್ಕೂಟರ್ ಇರುವವರು ಹೊದಿಸಿಟ್ಟೇ ಚಾರ್ಜು ಮಾಡಬಾರದು.

೮. ಹಣದ ಮಾತು

ಹೊದಿಕೆಯ ಬೆಲೆಯನ್ನು ಅದು ಬಾಳುವ ತಿಂಗಳುಗಳಿಂದ ಭಾಗಿಸಿ ನೋಡುವುದು ಸರಿಯಾದ ಲೆಕ್ಕ. ಒಂದು ಬೇಸಿಗೆಗೆ ಹರಿಯುವ ಅಗ್ಗದ ಕವರಿಗಿಂತ, ಎರಡು ಪಟ್ಟು ಬೆಲೆಯಾದರೂ ಮೂರು ಬೇಸಿಗೆ ಬಾಳುವುದು ಸೋವಿ.

ಅದೂ ಕೈಗೆಟುಕದವರಿಗೆ ಇನ್ನೊಂದು ದಾರಿಯಿದೆ. ನಾಲ್ಕು ಅಡಿಕೆ ಕಂಬ ನೆಟ್ಟು, ಮೇಲೆ ದಬ್ಬೆ ಹಾಸಿ, ಒಂದು ಬದಿಗೆ ಇಳಿಜಾರಾಗಿ ತಾಡಪತ್ರಿ ಎಳೆದು ಕಟ್ಟಿರಿ. ಗಾಡಿಗೆ ತಾಕುವುದಿಲ್ಲ, ಗಾಳಿ ಹಾಯುತ್ತದೆ, ಬಿಸಿಲು ಮಳೆ ಎರಡೂ ತಪ್ಪುತ್ತವೆ. ತೋಟದಲ್ಲೇ ಸಿಗುವ ಸಾಮಾನಿನ ಈ ಚಪ್ಪರ ಎಷ್ಟೋ ಕವರುಗಳಿಗಿಂತ ಮೇಲೆಂಬುದು ನಮ್ಮ ಖಚಿತ ಅಭಿಪ್ರಾಯ. ಪೇಟೆಯಲ್ಲೋ ರೈಲು ನಿಲ್ದಾಣದಲ್ಲೋ ಗಾಡಿ ಬಿಟ್ಟು ಹೋಗಬೇಕಾದವರಿಗೆ ಮಾತ್ರ ಮಡಿಸಿ ಒಯ್ಯುವ ಹೊದಿಕೆ ಅನಿವಾರ್ಯ.

ಅಂಗಡಿಗೆ ಹೋಗುವ ಸದಸ್ಯರು ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ: ಬಿಸಿಲಿಗೆ ಬಾಳುವುದೇ? ಹೊಲಿಗೆ ಸೋರದೇ? ಗಾಳಿಕಿಂಡಿ ಇದೆಯೇ? ಅಡಿಪಟ್ಟಿ ಇದೆಯೇ? ನನ್ನ ಗಾಡಿಯ ಅಳತೆಗೆ ಸರಿಯೇ? ಐದಕ್ಕೂ ಹೌದೆಂಬ ಉತ್ತರ ಬಂದರೆ ಕೊಳ್ಳಬಹುದು. ಗಾಳಿಕಿಂಡಿಯ ಪ್ರಶ್ನೆಗೆ ಇಲ್ಲವೆಂದರೆ, ಉಳಿದ ನಾಲ್ಕು ಎಷ್ಟೇ ಚೆನ್ನಾಗಿದ್ದರೂ ಮುಂದಿನ ಅಂಗಡಿಗೆ ಹೋಗುವುದೇ ಲೇಸು.