ಮುಂದಿನ ವಾಹನವನ್ನು ಹಿಂದೆ ಹಾಕುವ ಲೆಕ್ಕ

ಚಾಮರಾಜನಗರದಿಂದ, ದಿವ್ಯಲಿಂಗೇಶ್ವರ ದೇವಾಲಯವಿರುವ ಹರದನಹಳ್ಳಿಯ ಕಡೆಗೆ ಕಾರಿನಲ್ಲಿ ಹೊರಟಿದ್ದೇವೆಂದು ಭಾವಿಸೋಣ. ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ನಿಧಾನವಾಗಿ ಸಾಗುತ್ತಿದೆ. ಅದನ್ನು ಹಿಂದೆ ಹಾಕಿ ಹೋಗಲು ಎಷ್ಟು ದೂರದ ಬರಿದಾದ ರಸ್ತೆ ಬೇಕು? ಕೇವಲ ಅಂದಾಜಿನಿಂದ ನಡೆಯುವ ಈ ಕೆಲಸವನ್ನು ಒಮ್ಮೆ ಗಣಿತದ ಒರೆಗೆ ಹಚ್ಚಿ ನೋಡೋಣ.

ಟ್ರ್ಯಾಕ್ಟರಿನ ವೇಗ ಗಂಟೆಗೆ 20 ಕಿಲೋಮೀಟರು, ನಮ್ಮದು 60 ಎಂದಿಟ್ಟುಕೊಳ್ಳೋಣ. ಟ್ರ್ಯಾಕ್ಟರಿನಲ್ಲಿ ಕುಳಿತವನ ದೃಷ್ಟಿಯಲ್ಲಿ ನಾವು ಸಾಗುವುದು ಗಂಟೆಗೆ 40 ಕಿಲೋಮೀಟರು, ಎಂದರೆ ಸೆಕೆಂಡಿಗೆ ಸುಮಾರು 11 ಮೀಟರು ವೇಗದಿಂದ. ಇದಕ್ಕೆ ಸಾಪೇಕ್ಷ ವೇಗವೆಂದು ಹೆಸರು. ಎರಡು ವಾಹನಗಳ ಉದ್ದ ಹಾಗೂ ಹಿಂದೆ ಮುಂದೆ ಬಿಡಬೇಕಾದ ಅಂತರ ಸೇರಿ 55 ಮೀಟರೆಂದು ಹಿಡಿದರೆ, ದಾಟಲು 5 ಸೆಕೆಂಡು ಬೇಕು. ಅಷ್ಟರಲ್ಲಿ ನಾವು ರಸ್ತೆಯಲ್ಲಿ 83 ಮೀಟರು ಮುಂದುವರಿದಿರುತ್ತೇವೆ. ಎದುರಿನಿಂದ ಇದೇ ವೇಗದಲ್ಲಿ ಬರುವ ಬಸ್ಸೂ 83 ಮೀಟರು ಸಮೀಪಿಸಿರುತ್ತದೆ. ಒಟ್ಟು 166 ಮೀಟರು! ರಸ್ತೆ ಅಷ್ಟೇ ಇದ್ದರೆ, ನಾವು ಎಡಕ್ಕೆ ಸರಿಯುವ ಕ್ಷಣಕ್ಕೇ ಬಸ್ಸು ನಮ್ಮ ಪಕ್ಕದಲ್ಲಿರುತ್ತದೆ. ಆದುದರಿಂದ ಇದರ ಎರಡರಷ್ಟು ದೂರವಾದರೂ ಕಣ್ಣಿಗೆ ಬರಿದಾಗಿ ಕಾಣಬೇಕು.

ಟ್ರ್ಯಾಕ್ಟರಿನ ಬದಲು 50 ಕಿಲೋಮೀಟರು ವೇಗದ ಲಾರಿಯಿದ್ದರೆ? ಸಾಪೇಕ್ಷ ವೇಗ ಕೇವಲ 10 ಕಿಲೋಮೀಟರು. ಅದೇ 55 ಮೀಟರಿಗೆ 20 ಸೆಕೆಂಡು ಹಿಡಿಯುತ್ತದೆ. ಬೇಕಾದ ರಸ್ತೆ ಸುಮಾರು 667 ಮೀಟರಿಗೆ ಏರುತ್ತದೆ. ಆ ಲಾರಿಯ ಹಿಂದೆಯೇ 10 ಕಿಲೋಮೀಟರು ಹೋದರೂ ನಮಗಾಗುವ ನಷ್ಟ 2 ನಿಮಿಷ ಮಾತ್ರ. ಇಷ್ಟಕ್ಕಾಗಿ ಪ್ರಾಣವನ್ನು ಪಣವಾಗಿಡುವುದು ವಿವೇಕವೇ?

ಇನ್ನು ಇಂಧನದ ಮಾತು. ಸಾವಿರ ಕಿಲೋಗ್ರಾಂ ತೂಕದ ಕಾರಿಗೆ 60 ಕಿಲೋಮೀಟರು ವೇಗದಲ್ಲಿ ಸುಮಾರು 1,39,000 ಜೂಲುಗಳ ಚಲನಶಕ್ತಿಯಿರುತ್ತದೆ. ವೇಗ 20ಕ್ಕೆ ಇಳಿದರೆ ಉಳಿಯುವುದು 15,000 ಮಾತ್ರ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಟ್ರ್ಯಾಕ್ಟರಿನ ಬೆನ್ನಿಗೆ ಧಾವಿಸಿ ಬ್ರೇಕು ಒತ್ತಿದರೆ ಮಿಕ್ಕ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗ ಚಕ್ರಗಳನ್ನು ಮುಟ್ಟುವುದೆಂದು ಭಾವಿಸಿದರೆ, ಅದನ್ನು ಮರಳಿ ಗಳಿಸಲು ಸುಮಾರು 15 ಮಿಲಿಲೀಟರು ಉರಿಯಬೇಕು.

ಹಾಗಾದರೆ ಮಾಡಬೇಕಾದುದೇನು? ವಾಹನ ದೂರದಲ್ಲಿ ಕಂಡೊಡನೆ ವೇಗವರ್ಧಕದಿಂದ ಕಾಲು ತೆಗೆದು, ಕಾರು ತಾನಾಗಿ ನಿಧಾನಗೊಳ್ಳುವಂತೆ ಬಿಡಬೇಕು. ಆಗ ವ್ಯಯವಾಗುವ ಶಕ್ತಿಯೂ ನಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಅಂತರವಿಟ್ಟು ಹೋದರೆ ಎದುರಿನ ರಸ್ತೆಯೂ ಚೆನ್ನಾಗಿ ಕಾಣುತ್ತದೆ. ತಿರುವು, ದಿಬ್ಬ, ಸೇತುವೆಗಳ ಬಳಿ ಮಾತ್ರ ಈ ಲೆಕ್ಕವನ್ನೇ ತೊಡಗಬಾರದು. ಕಾಣದ ದೂರವನ್ನು ಅಳೆಯಬಲ್ಲ ಗಣಿತವಿಲ್ಲ.