ಮೈ ಕಟ್ಟಬೇಕು, ಹೊಟ್ಟೆ ಬರಬಾರದು



ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಬೇವೂರು ಸುತ್ತಿನ ಎರಿ ಹೊಲಗಳಲ್ಲಿ ಮುಂಗಾರಿನವರೆಗೆ ಕೆಲಸ ಕಡಿಮೆ. ಕುಸ್ತಿಗೋ, ಕಲ್ಲುಗುಂಡು ಎತ್ತುವ ಪಂದ್ಯಕ್ಕೋ ಮೈ ಕಟ್ಟಬೇಕೆಂಬ ತರುಣರಿಗೆ ಸಾಮು ಮಾಡಲು ಇದೇ ಬಿಡುವಿನ ಕಾಲ. ಮನೆಯವರೂ ಹುಡುಗ ಪೈಲವಾನನಾಗಲೆಂದು ತುಪ್ಪಕ್ಕೆ, ಬದಾಮಿಗೆ ಹಣ ಸುರಿಯುತ್ತಾರೆ. ಮೂರು ತಿಂಗಳಲ್ಲಿ ತೂಕವೇನೋ ಏರುತ್ತದೆ. ಏರಿದ್ದು ತೋಳಿನಲ್ಲೋ ಹೊಟ್ಟೆಯಲ್ಲೋ ಎಂಬುದನ್ನು ಮಾತ್ರ ಯಾರೂ ನೋಡುವುದಿಲ್ಲ.

ಬಿತ್ತನೆಯ ಕಾಲದ ಊಟವನ್ನೇ ಬಿಡುವಿನಲ್ಲೂ ಉಂಡರೆ ಅಷ್ಟರಿಂದಲೇ ಮೈಗೆ ಹೆಚ್ಚಾಗುತ್ತದೆ. ಅದರ ಮೇಲೆ ತುಪ್ಪ ಸೇರಿದರೆ ಉಳಿದದ್ದೆಲ್ಲ ಕೊಬ್ಬಾಗಿ ಕೂಡುತ್ತದೆ. ಗಳೆ ಹೂಡದೆ ಕಟ್ಟಿ ಹಾಕಿದ ಎತ್ತಿಗೆ ದಿನವೂ ಹಿಂಡಿ ಇಟ್ಟರೆ ಅದು ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಸ್ನಾಯು ಬೆಳೆಯುವುದು ನಿಧಾನ. ಹೆಚ್ಚು ತಿಂದ ಮಾತ್ರಕ್ಕೆ ಅದು ಅವಸರ ಮಾಡುವುದಿಲ್ಲ.

ಹಾಗಾದರೆ ಎಷ್ಟು ಹೆಚ್ಚಿಸಬೇಕು? ತೂಕ ಏರದೆ ಇಳಿಯದೆ ನಿಲ್ಲುವ ಊಟದ ಮೇಲೆ ದಿನಕ್ಕೆ ಸುಮಾರು 300 ಕ್ಯಾಲರಿ ಸಾಕು. ಅಂದರೆ ಒಂದು ಜೋಳದ ರೊಟ್ಟಿ, ಒಂದು ಲೋಟ ಹಾಲು. ಎರಡು ದೊಡ್ಡ ಚಮಚ ತುಪ್ಪದಲ್ಲಿಯೂ ಹೆಚ್ಚುಕಡಿಮೆ ಇಷ್ಟೇ ಶಕ್ತಿಯಿದೆ. ಆದರೆ ಸ್ನಾಯು ಕಟ್ಟುವ ಸಸಾರಜನಕ, ಈಗ ಎಲ್ಲರೂ ಪ್ರೋಟೀನು ಎನ್ನುವುದು, ಅದರಲ್ಲಿ ಇಲ್ಲವೇ ಇಲ್ಲ.

ಸಾಮು ಮಾಡುವವನಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಸಸಾರಜನಕ ಬೇಕು. 60 ಕಿಲೋ ತೂಗುವ ತರುಣನಿಗೆ 96 ಗ್ರಾಂ ಆಯಿತು. ಇದನ್ನು ಪೇಟೆಯ ಡಬ್ಬಿಯಿಂದ ತರಬೇಕಾಗಿಲ್ಲ. 400 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 40 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16, 75 ಗ್ರಾಂ ಹೆಸರು ಅಥವಾ ತೊಗರಿಬೇಳೆಯಲ್ಲಿ 17, ಒಂದು ಹಿಡಿ ನೆನೆಸಿದ ಕಡಲೆಯಲ್ಲಿ 10, ಒಂದು ಹಿಡಿ ಶೇಂಗಾದಲ್ಲಿ 10. ಬೇಕಿದ್ದವರು ಎರಡು ತತ್ತಿ ಸೇರಿಸಿದರೆ ಇನ್ನೂ 12. ರೊಟ್ಟಿಯೊಂದನ್ನೇ ನೆಚ್ಚಬೇಡಿ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿಗೆ ಕಾಳಿನ ಪಲ್ಯ ಜೊತೆಯಾದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಶೇಂಗಾ ಹಿಡಿಯಷ್ಟೇ ಇರಲಿ, ಅದರಲ್ಲಿ ಅರ್ಧದಷ್ಟು ಎಣ್ಣೆಯೇ.

ಇಷ್ಟು ತಿಂದು ಸಾಮು ತಪ್ಪಿಸಿದರೆ ಫಲವಿಲ್ಲ. ದಂಡ, ಬೈಠಕ್‌ಗಳ ಎಣಿಕೆ ಹೆಚ್ಚಿಸುತ್ತಾ ಹೋಗುವುದು ಒಳ್ಳೆಯದು; ಆದರೆ ಭಾರವೂ ಏರಬೇಕು. ಚೀಲದಲ್ಲಿ ಮರಳು ತುಂಬಿ, ಎಂಟು ಸಲ ಎತ್ತಬಲ್ಲಷ್ಟು ಭಾರದಿಂದ ಆರಂಭಿಸಿರಿ. ಹನ್ನೆರಡು ಸಲ ಎತ್ತುವಂತಾದಾಗ ಎರಡು ಕಿಲೋ ಮರಳು ಸೇರಿಸಿರಿ. ವಾರಕ್ಕೆ ಮೂರು ದಿನ ಸಾಕು. ನಡುವಿನ ದಿನಗಳ ವಿಶ್ರಾಂತಿ, ರಾತ್ರಿಯ ನಿದ್ದೆ ಇವೂ ಖುರಾಕೇ.

ವಾರಕ್ಕೊಮ್ಮೆ, ಒಂದೇ ವಾರ, ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಗಿಸಿಕೊಳ್ಳಿರಿ. 60 ಕಿಲೋದವನು ತಿಂಗಳಿಗೆ ಅರ್ಧದಿಂದ ಒಂದು ಕಿಲೋ ಏರಿದರೆ ಸರಿ. ಜೊತೆಗೆ ಹೊಕ್ಕುಳ ಮಟ್ಟದಲ್ಲಿ ಒಂದು ದಾರ ಸುತ್ತಿ ಗಂಟು ಹಾಕಿಡಿರಿ. (ಉಡದಾರ ಬಿಗಿಯಾಗುವುದೂ ಸೂಚನೆಯೇ, ಆದರೆ ಅದನ್ನು ಸಡಿಲಿಸಿ ಸುಮ್ಮನಾಗುವವರೇ ಹೆಚ್ಚು!) ತಿಂಗಳಲ್ಲಿ ಗಂಟು ಒಂದು ಅಂಗುಲ ಹಿಂದೆ ಸರಿದರೆ ಮೊದಲು ತುಪ್ಪ, ಬೆಲ್ಲ, ಕರಿದ ತಿಂಡಿ ಬಿಡಿರಿ, ಕಾಳು, ಹಾಲು ಬಿಡಕೂಡದು. ತೂಕ ಏರದೆ ನಿಂತಿದ್ದರೆ ಒಂದು ರೊಟ್ಟಿ ಹೆಚ್ಚಿಸಿರಿ.

ದೊಡ್ಡ ಮೈಯೇ ಪೈಲವಾನಿಕೆ ಎಂಬ ಭ್ರಮೆ ಬೇಡ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕುಸ್ತಿಯ ಕಂಚಿನ ಪದಕ ಗೆದ್ದ ಖಾಶಾಬಾ ಜಾಧವರು ಸಾತಾರಾ ಜಿಲ್ಲೆಯ ಗೋಳೇಶ್ವರ ಹಳ್ಳಿಯವರು. ಅವರು ಸೆಣಸಿದ್ದು 57 ಕಿಲೋ ವರ್ಗದಲ್ಲಿ.

ಬೇಗ ಮೈ ಬರುತ್ತದೆಂದು ಯಾರಾದರೂ ಸೂಜಿಮದ್ದು, ಗುಳಿಗೆ ತಂದುಕೊಟ್ಟರೆ ಮುಟ್ಟಬೇಡಿರಿ. ಸ್ಟೀರಾಯ್ಡ್ ಮದ್ದುಗಳು ಹೃದಯ, ಯಕೃತ್ತುಗಳಿಗೆ ಹಾನಿ ಮಾಡುತ್ತವೆ; ಮಕ್ಕಳಾಗುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರು ಮೇಲೆ ಹೇಳಿದ ಊಟಕ್ಕೂ ಮೊದಲು ವೈದ್ಯರನ್ನು ಕೇಳತಕ್ಕದ್ದು.

ಮಳೆ ಬಿದ್ದು ಹರಗುವ, ಬಿತ್ತುವ ಕೆಲಸ ಹತ್ತಿತೆಂದರೆ ಸಾಮನ್ನು ವಾರಕ್ಕೆರಡು ದಿನಕ್ಕೆ ಇಳಿಸಿ, ಬುತ್ತಿಗೆ ಎರಡು ರೊಟ್ಟಿ ಹೆಚ್ಚು ಕಟ್ಟಿಸಿಕೊಳ್ಳಿರಿ.