ಇಂದಿನ ಧಮ್ಮ ಚಿಂತನೆ: ಭಯ ಬಂದಾಗ ಇದ್ದಲ್ಲೇ ಇರುವುದು

ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಭಾನುವಾರದ ಅಧ್ಯಯನದಲ್ಲಿ ನಾವು ಮಜ್ಝಿಮ ನಿಕಾಯದ ಭಯಭೇರವ ಸುತ್ತ ಓದುತ್ತಿದ್ದೇವೆ. ಅದನ್ನು ವಿವರಿಸುವಷ್ಟು ಪಾಂಡಿತ್ಯ ನನಗಿಲ್ಲ. ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿ ಮತ್ತೆ ಹೋದ ನನ್ನ ಕಥೆ ಹೇಳುತ್ತೇನೆ. ಆ ಸುತ್ತ ನನಗೆ ಅರ್ಥವಾಗಿದ್ದು ಅಲ್ಲಿ.

*ಯಾಕೆ ಕಲಿಯಬೇಕಾಯಿತು*

ನನಗೀಗ 51 ವರ್ಷ. ಮನೆ ಕೆಂಗೇರಿ ಉಪನಗರದಲ್ಲಿ. ನಮ್ಮ ಮನೆಯವರಿಗೆ ಎರಡು ವರ್ಷದಿಂದ ಡಯಾಲಿಸಿಸ್. ವಾರಕ್ಕೆ ಮೂರು ದಿನ, ರಾಜಾಜಿನಗರದ ಕಡೆಯ ಒಂದು ಆಸ್ಪತ್ರೆ, ಬೆಳಗಿನ ಮೊದಲ ಪಾಳಿ. ಮೊದಮೊದಲು ನಮ್ಮ ಹಳೇ ಆಲ್ಟೋವನ್ನು ಅವರೇ ಓಡಿಸುತ್ತಿದ್ದರು. ಒಂದು ದಿನ ವಾಪಸ್ ಬರುವಾಗ ವಿಜಯನಗರದ ಹತ್ತಿರ ಬಿ.ಪಿ. ಇಳಿದು ಕಣ್ಣು ಮಂಜಾಯಿತು. ಗಾಡಿಯನ್ನು ಪಕ್ಕಕ್ಕೆ ಹಾಕಿ ಸ್ಟೇರಿಂಗ್ ಮೇಲೆ ತಲೆ ಇಟ್ಟುಬಿಟ್ಟರು. ಅವತ್ತೇ ನಾನು ಕೀ ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಆಮೇಲೆ ಆಟೋ, ಕ್ಯಾಬು. ಬೆಳಿಗ್ಗೆ ಐದಕ್ಕೆ ಬುಕ್ ಮಾಡಿದ್ದು ಐದೂ ಹತ್ತಕ್ಕೆ ಕ್ಯಾನ್ಸಲ್. ಪಾಳಿ ತಪ್ಪಿದರೆ ಇನ್ನೊಂದು ಹಾಸಿಗೆ ಖಾಲಿಯಾಗುವವರೆಗೆ ಕಾಯಬೇಕು. ಮೈಯಲ್ಲಿ ನೀರು ತುಂಬಿಕೊಂಡವರಿಗೆ ಆ ಕಾಯುವಿಕೆ ಎಂಥದ್ದೆಂದು ಅನುಭವಿಸಿದ ಮನೆಗಳಿಗೆ ಗೊತ್ತು. ಅದಕ್ಕೇ ನಾನು ಎಲ್‌ಎಲ್ ಮಾಡಿಸಿದೆ. ಎಲ್‌ಎಲ್‌ಗೆ ಆರು ತಿಂಗಳ ಅವಧಿ. 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು. ಅಲ್ಲಿಯವರೆಗೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಲೇಬೇಕು. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವರು ನನಗೆ ಕಲಿಸುತ್ತಿದ್ದಾರೆ ಎನ್ನಲು ಆಗುತ್ತದೆಯೇ? ನನಗೆ ಡಿಎಲ್ ಬೇಕೇ ಬೇಕಿತ್ತು.

*ಮೊದಲ ಸಲ*

ಎಂಟರ ಆಕಾರ ಹಾಕಿದೆ. ರಿವರ್ಸ್ ಕೂಡ ಆಯಿತು. ಉಳಿದಿದ್ದು ಏರು. ಏರಿನ ಮಧ್ಯೆ ಗಾಡಿ ನಿಲ್ಲಿಸಬೇಕು, ಹಿಂದಕ್ಕೆ ಜಾರದ ಹಾಗೆ ಮತ್ತೆ ಮುಂದಕ್ಕೆ ಹೊರಡಬೇಕು. ನಿಲ್ಲಿಸಿದೆ. ಕ್ಲಚ್ ಬಿಟ್ಟೆ, ಎಂಜಿನ್ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಮೂರನೇ ಸಲ ಬ್ರೇಕಿನಿಂದ ಕಾಲು ಮೊದಲೇ ಎದ್ದುಬಿಟ್ಟು ಗಾಡಿ ಹಿಂದಕ್ಕೆ ಜಾರಿತು. ಇನ್‌ಸ್ಪೆಕ್ಟರ್ ಬೈಯಲಿಲ್ಲ. "ಪ್ರಾಕ್ಟೀಸ್ ಮಾಡ್ಕೊಂಡು ಇನ್ನೊಂದ್ಸಲ ಬನ್ನಿ ಅಮ್ಮ" ಅಂದರು, ಅಷ್ಟೇ.

ಆದರೆ ಆ ಏರಿನಲ್ಲಿ ನನ್ನ ಕಿವಿಯಲ್ಲಿ ಕೇಳಿಸಿದ್ದು ಬೇರೆ ದನಿ. ನಾಲ್ಕನೇ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ಭಾಗಾಕಾರ ತಪ್ಪಿದಾಗ ನಮ್ಮ ಮೇಷ್ಟ್ರು ಹೇಳಿದ್ದು: "ನಿಮ್ಮೋರಿಗೆ ಇದೆಲ್ಲ ಎಲ್ಲಿ ಹತ್ತುತ್ತೆ, ಹೋಗು, ಕೂತ್ಕೋ." ನಲವತ್ತು ವರ್ಷದ ಹಿಂದಿನ ಮಾತು. ಎಲ್ಲೋ ಮಲಗಿತ್ತು. ಎಂಜಿನ್ ಆಫ್ ಆದ ಕೂಡಲೇ ಎದ್ದು ಕೂತಿತು. ಹಿಂದೆ ಸಾಲಿನಲ್ಲಿ ನಿಂತಿದ್ದ ಹುಡುಗ ಹುಡುಗಿಯರೆಲ್ಲ ಅದೇ ಮಾತು ಅಂದುಕೊಳ್ಳುತ್ತಿದ್ದಾರೆ ಅನ್ನಿಸಿತು. ಪಾಪ, ಅವರಿಗೆ ಅವರವರ ಟೆಸ್ಟಿನ ಚಿಂತೆ.

ಮನೆಗೆ ಬಂದು ಅತ್ತೆ. ನಮ್ಮ ಮನೆಯವರು ಸಮಾಧಾನ ಮಾಡಿದ್ದು ಹೀಗೆ: "ಬಾಬಾಸಾಹೇಬರು ರೂಪಾಯಿ ಸಮಸ್ಯೆ ಬಗ್ಗೆ ಬರೆದ ಪ್ರಬಂಧಾನ ಲಂಡನ್ನಿನಲ್ಲಿ ಮೊದಲನೇ ಸಲ ಒಪ್ಪಲಿಲ್ಲ, ತಿದ್ದಿ ತನ್ನಿ ಅಂದ್ರು. ತಿದ್ದಿ ಕೊಟ್ರು, 1923ರಲ್ಲಿ ಡಿ.ಎಸ್ಸಿ. ಬಂತು. ನಿಂದು ಬರೀ ಒಂದು ಏರು ಕಣೇ."

*ಮೂರು ಬಾಗಿಲು*

ಫೇಲಾದವರು ಕನಿಷ್ಠ ಏಳು ದಿನ ಬಿಟ್ಟು ಮತ್ತೆ ಟೆಸ್ಟಿಗೆ ಹೋಗಬಹುದು. ನನಗೆ ಸಿಕ್ಕ ತಾರೀಕು ಹದಿನೆಂಟು ದಿನ ಬಿಟ್ಟು. ಆ ಹದಿನೆಂಟು ದಿನದಲ್ಲಿ ಭಯದಿಂದ ತಪ್ಪಿಸಿಕೊಳ್ಳಲು ಜನ ನನಗೆ ಮೂರು ಬಾಗಿಲು ತೋರಿಸಿದರು.

ಒಂದು, ಪಕ್ಕದ ಮನೆಯವರು: "ಮೈಸೂರು ರಸ್ತೆ ಗಾಳಿ ಆಂಜನೇಯನಿಗೆ ಒಂದು ಪೂಜೆ ಮಾಡಿಸಿ. ಹೊರಡುವಾಗ ಚಕ್ರಕ್ಕೆ ನಿಂಬೆಹಣ್ಣು ಇಡಿ." ಅವರು ಪ್ರೀತಿಯಿಂದಲೇ ಹೇಳಿದ್ದು. ಅವರ ನಂಬಿಕೆ ಅವರದು.

ಎರಡು, ಪರಿಚಯದ ಒಬ್ಬರು: "ಮೇಲೆ ಸ್ವಲ್ಪ ಕೊಟ್ಟರೆ ಆಗುತ್ತೆ. ನೀವು ಏರು ಹತ್ತೋದೇ ಬೇಡ."

ಮೂರು, ನನ್ನ ತಂಗಿ: "ಈ ವಯಸ್ಸಲ್ಲಿ ಯಾಕಕ್ಕಾ ಈ ಒದ್ದಾಟ? ಬಿಟ್ಟಾಕು."

22 ಪ್ರತಿಜ್ಞೆ ಹೇಳಿದ ಬಾಯಿ ನನ್ನದು. ಆದರೂ ಸುಳ್ಳು ಹೇಳುವುದಿಲ್ಲ ಬಂಧುಗಳೇ, ಒಂದು ಸಂಜೆ ತರಕಾರಿ ತಂದು ಚೀಲ ಸುರಿದಾಗ ನಾಲ್ಕು ನಿಂಬೆಹಣ್ಣು ಉರುಳಿದವು. ನಾಲ್ಕು ಯಾಕೆ? ಗಾಡಿಗೆ ಚಕ್ರ ನಾಲ್ಕು! ಯಾವಾಗ ಆರಿಸಿದೆನೋ ನನಗೇ ಗೊತ್ತಿಲ್ಲ. ದೀಕ್ಷೆ ತೆಗೆದುಕೊಂಡ ದಿನ ಹಳೆಯದೆಲ್ಲ ಹೋಯಿತು ಅಂದುಕೊಂಡಿದ್ದೆ. ಭಯ ಬಂದಾಗ ಕೈ ತಾನಾಗಿ ಹಳೇ ದಾರಿ ಹುಡುಕುತ್ತದೆ. ಮರುದಿನ ಆ ನಿಂಬೆಹಣ್ಣು ಚಿತ್ರಾನ್ನಕ್ಕಾಯಿತು. ಆದರೆ ಅದನ್ನು ನೋಡಿದ್ದು ಒಳ್ಳೆಯದೇ ಆಯಿತು. ಭಯಭೇರವ ಸುತ್ತವನ್ನು ಮತ್ತೆ ತೆರೆದು ಓದಿದ್ದು ಆ ರಾತ್ರಿಯೇ.

*ಸುತ್ತ ಹೇಳುವುದೇನು*

ಜಾಣುಸ್ಸೋಣಿ ಎಂಬ ಬ್ರಾಹ್ಮಣ ಬಂದು, ದಟ್ಟ ಕಾಡಿನಲ್ಲಿ ಒಂಟಿಯಾಗಿರುವುದು ಬಹಳ ಕಷ್ಟವಲ್ಲವೇ ಎಂದು ಭಗವಾನರ ಮುಂದೆ ಹೇಳುತ್ತಾನೆ. ಭಗವಾನರು ಅಲ್ಲಗಳೆಯುವುದಿಲ್ಲ. ಬೋಧಿಗೆ ಮೊದಲು ತಮಗೂ ಹಾಗೇ ಅನ್ನಿಸುತ್ತಿತ್ತು ಎನ್ನುತ್ತಾರೆ. ಆಮೇಲೆ ಎರಡು ವಿಷಯ ಹೇಳುತ್ತಾರೆ.

ಮೊದಲನೆಯದು: ಯಾರ ನಡೆ, ನುಡಿ, ಮನಸ್ಸು, ಬದುಕುವ ದಾರಿ ಶುದ್ಧವಾಗಿಲ್ಲವೋ ಅವರು ಕಾಡಿಗೆ ಹೋದರೆ ಭಯವನ್ನು ತಾವೇ ಕರೆದುಕೊಳ್ಳುತ್ತಾರೆ. ಇದನ್ನು ಓದಿ ಎರಡನೇ ಬಾಗಿಲು ಮುಚ್ಚಿದೆ. ದುಡ್ಡು ಕೊಟ್ಟು ಲೈಸೆನ್ಸ್ ತಂದರೆ ಟೆಸ್ಟಿನ ಭಯ ಒಂದು ದಿನಕ್ಕೆ ಹೋಗುತ್ತದೆ. ಆದರೆ ಪ್ರತಿ ಏರಿನಲ್ಲೂ, ಪ್ರತಿ ಬೆಳಗಿನ ಕತ್ತಲಲ್ಲೂ, "ನನಗೆ ನಿಜಕ್ಕೂ ಬರುತ್ತದೆಯೇ" ಎಂಬ ಭಯ ಜೊತೆಯಲ್ಲೇ ಇರುತ್ತದೆ.

ಎರಡನೆಯದು: ಅವರು ಬೇಕೆಂದೇ ಜನ ಹೆದರುವ ಜಾಗಗಳಿಗೆ ಹೋಗಿ ರಾತ್ರಿ ಇರುತ್ತಿದ್ದರು. ಒಂದು ಜಿಂಕೆ ಸುಳಿದರೆ, ನವಿಲು ಕಡ್ಡಿ ಬೀಳಿಸಿದರೆ, ಗಾಳಿಗೆ ತರಗೆಲೆ ಸದ್ದು ಮಾಡಿದರೆ, ಬಂತು ಭಯ ಅನ್ನಿಸುತ್ತಿತ್ತು. ಆಗ ಅವರು ತೀರ್ಮಾನಿಸಿದ್ದು: ಭಯ ಬಂದಾಗ ಯಾವ ಭಂಗಿಯಲ್ಲಿದ್ದೇನೋ ಅದೇ ಭಂಗಿಯಲ್ಲಿ ಅದನ್ನು ಗೆಲ್ಲುತ್ತೇನೆ. ನಡೆಯುತ್ತಿದ್ದರೆ, ಭಯ ಇಳಿಯುವ ತನಕ ನಿಲ್ಲುತ್ತಿರಲಿಲ್ಲ, ಕೂರುತ್ತಿರಲಿಲ್ಲ. ಕೂತಿದ್ದರೆ ಏಳುತ್ತಿರಲಿಲ್ಲ.

ಗಮನಿಸಿ, ಭಯವೇ ಬರಬಾರದು ಎಂದು ಅವರು ಕೇಳಿಕೊಳ್ಳಲಿಲ್ಲ. ಭಯ ಬಂದಾಗ ಓಡಲಿಲ್ಲ, ಅಷ್ಟೇ. ಬುದ್ಧರಾಗುವವರ ಮೈಯೂ ಎಲೆಯ ಸದ್ದಿಗೆ ನಡುಗಿತ್ತು ಎಂದರೆ ನನ್ನ ಕಾಲು ನಡುಗಿದ್ದರಲ್ಲಿ ನಾಚಿಕೆ ಏನಿದೆ?

*ಚಾಳೀಸ್‌ಗಾಂವ್‌ನ ಟಾಂಗಾ*

ಇದರ ಜೊತೆ ನನಗೆ ನೆನಪಾದದ್ದು ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದ ಎರಡು ಘಟನೆ. ಎರಡರಲ್ಲೂ ಒಂದು ಗಾಡಿ ಇದೆ.

1901ರಲ್ಲಿ ಬಾಲಕ ಭೀಮರಾಯರು ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಕೋರೆಗಾಂವ್‌ನಲ್ಲಿದ್ದ ತಂದೆಯ ಬಳಿಗೆ ಹೊರಟು ಮಸೂರ್ ನಿಲ್ದಾಣದಲ್ಲಿ ಇಳಿದರು. ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡು ಪಟ್ಟು ಬಾಡಿಗೆಗೆ. ಅದೂ ಎತ್ತಿನ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಕರಾರಿಗೆ.

1929ರಲ್ಲಿ ಅವರು ಬ್ಯಾರಿಸ್ಟರ್ ಆಗಿದ್ದರು, ಅಸ್ಪೃಶ್ಯರ ಕುಂದುಕೊರತೆ ವಿಚಾರಿಸುವ ಸರ್ಕಾರಿ ಸಮಿತಿಯ ಸದಸ್ಯರಾಗಿದ್ದರು. ಚಾಳೀಸ್‌ಗಾಂವ್‌ನಲ್ಲಿ ನಮ್ಮ ಜನ ಅವರನ್ನು ಒಂದು ರಾತ್ರಿ ಉಳಿಸಿಕೊಂಡರು. ನಿಲ್ದಾಣದಿಂದ ಮಹಾರವಾಡಕ್ಕೆ ಕರೆದೊಯ್ಯಲು ಟಾಂಗಾದವರು ಯಾರೂ ಒಪ್ಪಲಿಲ್ಲ. ಟಾಂಗಾ ಬೇಕಾದರೆ ಬಾಡಿಗೆಗೆ ಕೊಡುತ್ತೇವೆ, ಓಡಿಸುವುದಿಲ್ಲ ಎಂದರು. ಬಂದ ಅತಿಥಿಯನ್ನು ನಡೆಸಿಕೊಂಡು ಹೋಗುವುದು ಅವಮಾನ ಎಂದು ನಮ್ಮವರಲ್ಲೇ ಒಬ್ಬರು ಲಗಾಮು ಹಿಡಿದರು. ಅವರಿಗೆ ಓಡಿಸಿ ಅಭ್ಯಾಸವಿರಲಿಲ್ಲ. ಹೊಳೆಯ ಮೋರಿಯ ಮೇಲೆ ಗಾಡಿ ಎಗರಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು, ಕುದುರೆ ಗಾಡಿ ಎರಡೂ ಹೊಳೆಗೆ ಬಿದ್ದವು. ಅವರ ಕಾಲಿನ ಮೂಳೆ ಮುರಿಯಿತು.

ಈ ಘಟನೆ ಓದುವಾಗ ಮೊದಲೆಲ್ಲ ಟಾಂಗಾದವರ ಮೇಲೆ ಸಿಟ್ಟು ಮಾತ್ರ ಬರುತ್ತಿತ್ತು. ಈ ಸಲ ಆ ಲಗಾಮು ಹಿಡಿದ ಅಣ್ಣನನ್ನು ನೋಡಿದೆ. ಅವನಿಗೆ ಪ್ರೀತಿ ಇತ್ತು, ಸ್ವಾಭಿಮಾನ ಇತ್ತು, ಧೈರ್ಯವೂ ಇತ್ತು. ಇಲ್ಲದ್ದು ತರಬೇತಿ. ಅದನ್ನು ಕಲಿಯುವ ಅವಕಾಶವನ್ನು ಯಾರೂ ಅವನಿಗೆ ಕೊಟ್ಟಿರಲಿಲ್ಲ. ನನಗೆ ಅವಕಾಶ ಇದೆ. ನಾನೂ ನನಗೆ ಪ್ರಿಯರಾದವರನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಕು. ಕಲಿಯದೆ ಲಗಾಮು ಹಿಡಿಯುವ ಹಕ್ಕು ನನಗಿಲ್ಲ. ಮೂರನೇ ಬಾಗಿಲೂ ಮುಚ್ಚಿತು.

ಅಲ್ಲಿಂದ ಟೆಸ್ಟ್ ಬೇರೆ ಥರ ಕಾಣಿಸಿತು. ಅದು ನನ್ನ ಬುದ್ಧಿಯ ತೀರ್ಪಲ್ಲ, ನಮ್ಮ ಜಾತಿಯ ತೀರ್ಪಂತೂ ಅಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ನೀನು ಗಾಡಿ ತೆಗೆದರೆ ರಸ್ತೆಯಲ್ಲಿರುವವರು ಸುರಕ್ಷಿತವಾಗಿ ಮನೆ ಸೇರುತ್ತಾರಾ? ಪಂಚಶೀಲದ ಮೊದಲ ಶೀಲವೂ ಅದನ್ನೇ ಕೇಳುವುದು.

*ಅಭ್ಯಾಸ*

ಡಯಾಲಿಸಿಸ್ ಇಲ್ಲದ ದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ಮನೆಯ ಹಿಂದಿನ ಅಡ್ಡರಸ್ತೆಯಲ್ಲಿ ಒಂದು ಏರಿದೆ. ದಿನಕ್ಕೆ ಇಪ್ಪತ್ತು ಸಲ ಅಲ್ಲಿ ನಿಲ್ಲಿಸಿ ಹೊರಡುವುದು. ಹ್ಯಾಂಡ್‌ಬ್ರೇಕ್ ಎಳೆ, ಫಸ್ಟ್ ಗೇರ್ ಹಾಕು, ಎಂಜಿನ್ ದನಿ ಬದಲಾಗುವ ತನಕ ಕ್ಲಚ್ ನಿಧಾನ ಬಿಡು, ಸ್ವಲ್ಪ ಆಕ್ಸಿಲರೇಟರ್ ಕೊಡು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸು. ಆ ದನಿ ಬದಲಾಗುವುದನ್ನು ಕೇಳಬೇಕಾದರೆ ಮನಸ್ಸು ಅಲ್ಲೇ ಇರಬೇಕು. ನಾಲ್ಕನೇ ಕ್ಲಾಸಿಗೆ ಹೋಗಿಬಿಟ್ಟರೆ ಕೇಳಿಸುವುದಿಲ್ಲ.

ಸುತ್ತದಿಂದ ಒಂದು ನಿಯಮ ಮಾಡಿಕೊಂಡೆ. ಎಂಜಿನ್ ಆಫ್ ಆದರೆ ಬಾಗಿಲು ತೆಗೆದು ಇಳಿಯುವಂತಿಲ್ಲ, "ನೀವೇ ತಗೊಳ್ಳಿ" ಎಂದು ಸೀಟು ಬದಲಿಸುವಂತಿಲ್ಲ. ಅದೇ ಜಾಗದಿಂದ ಗಾಡಿ ಒಂದು ಸಲ ಹೊರಡಬೇಕು. ಒಂದು ದಿನ ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರ ಆಫ್ ಆಯಿತು. ಹಿಂದೆ ಹಾರ್ನಿನ ಮೇಲೆ ಹಾರ್ನು. ಬೆವರು ಕಿತ್ತುಕೊಂಡು ಬಂತು. "ಭಯ ಹೋಗ್ಲಿ ಇರಿ, ಆಮೇಲೆ ತೆಗೀತೀನಿ" ಅಂದೆ. ನಮ್ಮ ಮನೆಯವರು, "ಅದು ಹೋಗೋದು ಬೇಡ ಕಣೇ, ಹಿಂದಿನ ಸೀಟು ಖಾಲಿ ಇದೆಯಲ್ಲ, ಕೂರಿಸ್ಕೊಂಡು ಹೋಗು" ಅಂದರು. ನಗು ಬಂತು. ಗಾಡಿ ಹೊರಟಿತು.

*ಎರಡನೇ ಸಲ*

ಟೆಸ್ಟಿನ ದಿನ ಸಾಲಿನಲ್ಲಿ ಕಾಯುವಾಗ ಮೂರು ಉಸಿರು ಗಮನಿಸಿದೆ. ಭಯ ಎಲ್ಲಿದೆ ಎಂದು ಮೈಯಲ್ಲಿ ಹುಡುಕಿದೆ. ಹೊಟ್ಟೆಯಲ್ಲಿ ಇತ್ತು, ಎಡಮೊಣಕಾಲಿನಲ್ಲಿ ಇತ್ತು. ಇರಲಿ ಎಂದೆ. ಏರಿಗೆ ಬಂದಾಗ ಮೇಷ್ಟ್ರ ದನಿಯೂ ಬಂತು. ಅದಕ್ಕೆ ಉತ್ತರ ಕೊಡಲು ಹೋಗಲಿಲ್ಲ. ಎಂಜಿನ್ ದನಿ ಕೇಳಿದೆ. ಅದು ಬದಲಾಯಿತು. ಹ್ಯಾಂಡ್‌ಬ್ರೇಕ್ ಇಳಿಸಿದೆ. ಗಾಡಿ ಮುಂದಕ್ಕೆ ಹೋಯಿತು.

ಪಾಸಾದೆ. ಎಡಗಾಲು ಕೊನೆಯವರೆಗೂ ನಡುಗುತ್ತಲೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಹೋದ ಸೋಮವಾರ ಬೆಳಿಗ್ಗೆ ಐದಕ್ಕೆ ನಾನೇ ಕೀ ತೆಗೆದುಕೊಂಡು ಹೊರಟೆ. ಪಾಳಿಗೆ ಇಪ್ಪತ್ತು ನಿಮಿಷ ಮೊದಲೇ ಆಸ್ಪತ್ರೆಯಲ್ಲಿದ್ದೆವು. ವಾಪಸ್ ಬರುವಾಗ ಅವರು ಪಕ್ಕದ ಸೀಟಿನಲ್ಲಿ ನಿದ್ದೆ ಹೋಗಿದ್ದರು.

*ಇಂದಿನ ಅಭ್ಯಾಸ*

ಇಂಟರ್‌ವ್ಯೂ, ಮಕ್ಕಳ ಪರೀಕ್ಷೆ, ಆಸ್ಪತ್ರೆಯ ರಿಪೋರ್ಟು, ಕಚೇರಿಯಲ್ಲಿ ಎದ್ದು ಮಾತಾಡುವುದು, ನಿಮ್ಮ ಏರು ಯಾವುದಾದರೂ ಇರಬಹುದು. ಇವತ್ತು ಭಯ ಬಂದಾಗ,

1. ಇದ್ದ ಭಂಗಿಯಲ್ಲೇ ಇದ್ದು ಮೂರು ಉಸಿರು ಗಮನಿಸಿ. ಭಯ ಮೈಯಲ್ಲಿ ಎಲ್ಲಿದೆ ನೋಡಿ.
2. ಕಿವಿಯಲ್ಲಿ ಕೇಳುವ ದನಿ ಯಾರದು ಎಂದು ಗುರುತಿಸಿ. ಅದು ನಿಮ್ಮದೇನಾ, ಯಾರೋ ಹಾಕಿಹೋದದ್ದಾ?
3. ಮುಂದಿನ ಒಂದು ಸಣ್ಣ ಕೆಲಸ ಯಾವುದೋ ಅದನ್ನು ಮಾತ್ರ ಮಾಡಿ.

*ಭಾನುವಾರದ ಚರ್ಚೆಗೆ*

ಹೆದರಿದಾಗ ನಿಮ್ಮ ಕೈ ಯಾವ ಹಳೇ ದಾರಿ ಹುಡುಕುತ್ತದೆ? ನನ್ನ ನಾಲ್ಕು ನಿಂಬೆಹಣ್ಣಿನ ಹಾಗೆ ನಿಮ್ಮದೂ ಒಂದಿರಬಹುದು. ಸಂಕೋಚ ಬೇಡ, ಬಂದು ಹೇಳಿ. ನಾನೂ ಇರುತ್ತೇನೆ, ಗಾಡಿಯಲ್ಲೇ ಬರುತ್ತೇನೆ. ಕೆಂಗೇರಿ ಕಡೆಯಿಂದ ಬರುವವರು ಹೇಳಿದರೆ ಮೂರು ಜನಕ್ಕೆ ಜಾಗ ಇದೆ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್. 🙏